ಮದ್ದಿನ ಲೆಕ್ಕದ ಸಿಸ್ಟರ್

ಎಂಬತ್ತರ ದಶಕದಲ್ಲಿ ನಾನು ಕೊಯಮತ್ತೂರಿನಲ್ಲಿ ನರ್ಸಿಂಗ್ ಕಲಿಯುವಾಗ, ಮದ್ದಿನ ಅಳತೆಯ ಲೆಕ್ಕ ಹೇಳಿಕೊಡುತ್ತಿದ್ದವರು ಒಬ್ಬ ಸಿಸ್ಟರ್. ಪಾಠವೆಲ್ಲ ತಮಿಳಿನಲ್ಲಿ. ಅವರ ಮನೆಮಾತೂ ನನ್ನದರಂತೆ ಕನ್ನಡವಾದ್ದರಿಂದ ನನ್ನನ್ನು ಬೈಯುವುದು ಮಾತ್ರ ಕನ್ನಡದಲ್ಲಿ. ದಶಮಾಂಶದ ಚುಕ್ಕಿ ಜಾರಿದರೆ ಬೋರ್ಡು ಕುಟ್ಟಿ, "ಪುಳ್ಳಿ ಎಲ್ಲೋಯ್ತಮ್ಮಾ?" ಎನ್ನುತ್ತಿದ್ದರು; ಚುಕ್ಕಿಗೆ ಅವರ ಬಾಯಲ್ಲಿ ತಮಿಳಿನ ಪದವೇ.

ಒಂದು ಬೆಳಿಗ್ಗೆ ವಾರ್ಡಿನಲ್ಲಿ ನಮ್ಮೆದುರೇ ಫಿಟ್ಸ್ ಬಂದಿದ್ದ ಮಗುವಿಗೆ ಅವರೇ ಸೂಜಿ ಹಾಕಿದರು. ಆಮೇಲೆ ಖಾಲಿ ಸಿರಿಂಜನ್ನೇ ನೋಡುತ್ತ ನಿಂತರು. ಮಗುವಿನ ಉಸಿರು ಕುಂದುತ್ತಿತ್ತು. ಡಾಕ್ಟರನ್ನು ಕೂಗಿ ಕರೆದು, ಉಸಿರು ತುಂಬುವ ಚೀಲ ಒತ್ತುತ್ತಲೇ, ಮಡತ್ತುಕುಳವೆಂಬ ಊರಿನಿಂದ ಬಂದಿದ್ದ ಕನ್ನಡದ ತಾಯಿಗೆ ಹೇಳಿದರು:

"ನಾನೇ ತಪ್ಪು ಮಾಡ್ಬುಟ್ಟೆನಮ್ಮಾ. ಹತ್ತು ಪಟ್ಟು ಮರುಂದು ಹೋಗ್ಬುಡ್ತು."

ಚುಕ್ಕಿ ಒಂದು ಸ್ಥಾನ ಜಾರಿ ಮದ್ದು ಹತ್ತು ಪಟ್ಟಾಗಿತ್ತು. ನಮಗೆ ಸಿಸ್ಟರ್ ತಪ್ಪು ಮಾಡಿದ್ದನ್ನೂ ನಂಬಲಾಗಲಿಲ್ಲ, ಅದನ್ನು ಬಾಯಿಬಿಟ್ಟು ಹೇಳಿದ್ದನ್ನೂ ನಂಬಲಾಗಲಿಲ್ಲ. ತಾಯಿ ಚೀರಲಿಲ್ಲ.

"ಈಗ ಕೈ ಬುಡ್ಬೇಡಿ ಸಿಸ್ಟರ್" ಎಂದಳು, ಅಷ್ಟೇ.

ಸಂಜೆಗೆ ಮಗು ಕಣ್ಣು ಬಿಟ್ಟಿತು.

ಮರುದಿನ ತರಗತಿಗೆ ಬಂದ ಸಿಸ್ಟರ್ ತಾವು ಮಾಡಿದ್ದ ಅದೇ ಲೆಕ್ಕ ಬೋರ್ಡಿನ ಮೇಲೆ ಬರೆದು, "ನಾನು ತಪ್ಪಿದ್ದು ಎಲ್ಲಿ?" ಎಂದು ಕೇಳಿದರು. ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ನೋಟ್‌ಬುಕ್ಕಿಗೆ ತಲೆ ಬಗ್ಗಿಸಿದೆವು. ಅವರು ಒಬ್ಬೊಬ್ಬರನ್ನೂ ಎಬ್ಬಿಸಿ ನಿಲ್ಲಿಸಿ ಚುಕ್ಕಿ ಜಾರಿದ ಜಾಗವನ್ನು ಹೇಳಿಸಿದರು.