ಶೆಟ್ರು ಇಳಿಸಿದ ಹಲಗೆ

ಮಂಜಯ್ಯ ಶೆಟ್ರಿಗೆ ಕೊಟ್ಟ ಸಾಮಾನು ಕೊಟ್ಟ ಹಾಗೇ ವಾಪಸು ಬಂದದ್ದು ನನಗೆ ನೆನಪಿಲ್ಲ. ಕೊಡೆ ಕೊಟ್ಟರೆ ಹಿಡಿಗೊಂದು ಕೊಕ್ಕೆ ಸೇರಿಸಿ ತಂದು, ‘ಇನ್ನ್ ಬಸ್ಸಿನ್ ಕಂಬಿಗೆ ಸಿಕ್ಕಿಸ್ಲಕ್ಕ್’ ಎನ್ನುತ್ತಿದ್ದರು. ಕಾಯಿ ತುರಿಯುವ ಹೆರೆಮಣೆ ಕೊಟ್ಟಾಗ ಅದಕ್ಕೆ ಕಾಲು ಹಚ್ಚಿ ಎತ್ತರ ಮಾಡಿ ತಂದರು. ನನ್ನ ಅತ್ತೆ ಸಿಟ್ಟಿನಲ್ಲಿ ಅವರ ಹತ್ತಿರ ಮಾತು ಬಿಟ್ಟರು. ಆಮೇಲೆ ಮಂಡಿನೋವು ಕಡಿಮೆಯಾದದ್ದನ್ನು ಯಾರಿಗೂ ಹೇಳಲಿಲ್ಲ; ಆದರೆ ಆ ಕಾಲು ತೆಗೆಯಲು ಮಾತ್ರ ಬಿಡಲಿಲ್ಲ.

ಹಂಗಾರಕಟ್ಟೆಯಿಂದ ಸಾಸ್ತಾನಕ್ಕೆ ಬರುವ ದಾರಿಯಲ್ಲಿ, ಹೊಳೆ ಬದಿಗೆ ನಮ್ಮ ಮನೆ. ಗದ್ದೆ ದಾಟಿದರೆ ಶೆಟ್ರದು. ನಾನು ಶಾಲೆಯಲ್ಲಿ ಟೀಚರು. ಅವರು ಮುಂಬಯಿಯಲ್ಲಿ ಹೋಟೆಲು ನಡೆಸಿ, ಅದನ್ನು ತಮ್ಮನ ಮಗನಿಗೆ ಬಿಟ್ಟು ಊರಿಗೆ ಬಂದವರು. ಬಿಳಿ ಬನಿಯನ್ನು, ಮಡಚಿ ಕಟ್ಟಿದ ಮುಂಡು, ಸೊಂಟದಲ್ಲಿ ಅಳತೆಯ ಟೇಪು. ಮಾತಾಡುವಾಗ ಎದುರಿಗಿದ್ದವರ ಮುಖ ನೋಡುವ ಬದಲು ಅವರ ಕೈಯಲ್ಲಿರುವ ವಸ್ತುವನ್ನು ನೋಡುತ್ತಿದ್ದರು. ಅವರು ಬರುವುದು ಕಂಡರೆ ಊರವರು ಕತ್ತಿ, ಹಾರೆಗಳನ್ನು ಬೆನ್ನ ಹಿಂದೆ ಅಡಗಿಸುತ್ತಿದ್ದದ್ದು ಸುಳ್ಳಲ್ಲ.

‘ಮೊದ್ಲಿಂದ ಹೀಂಗೇ ಇತ್ತ್’ ಎಂದು ಯಾರಾದರೂ ಹೇಳಿದರೆ ಅವರಿಗೆ ಪಿತ್ತ ನೆತ್ತಿಗೇರುತ್ತಿತ್ತು. ‘ನಿನ್ನಿ ಸಾಂಬಾರ್ ಬಿಸಿ ಮಾಡಿರೆ ಇವತ್ತಿನ್ ಸಾಂಬಾರ್ ಆತ್ತಾ ಮಾರಾಯ್ರೆ? ನಾಳಿಗೂ ಗಿರಾಕಿ ಬರ್ಕಲ್ದಾ?’

ನಮ್ಮ ಹೊಳೆಗೆ ಉಬ್ಬರದ ಹೊತ್ತಿಗೆ ಸಮುದ್ರದ ನೀರು ಏರಿ ಬರುತ್ತದೆ. ಮಳೆಗಾಲದಲ್ಲಿ ಹೊಳೆಯ ರಭಸದೆದುರು ಅದರ ಆಟ ನಡೆಯುವುದಿಲ್ಲ. ದೀಪಾವಳಿ ಕಳೆದ ಮೇಲೆ ಅದನ್ನು ತಡೆಯದಿದ್ದರೆ ಬಾವಿಗಳು ಉಪ್ಪಾಗುತ್ತವೆ, ನೆಲಗಡಲೆ ಗದ್ದೆ ಸುಟ್ಟುಹೋಗುತ್ತದೆ. ಅದಕ್ಕೇ ಕಿಂಡಿ ಅಣೆಕಟ್ಟಿನ ಕಂಬಗಳ ನಡುವೆ ಎರಡು ಸಾಲು ಮರದ ಹಲಗೆ ಇಳಿಸಿ, ನಡುವೆ ಜೇಡಿಮಣ್ಣು ತುಂಬಿ ತುಳಿಯುವುದು ಹಿಂದಿನಿಂದ ಬಂದ ಕ್ರಮ. ಮಳೆಗೆ ಮೊದಲು ಹಲಗೆಗಳನ್ನೆಲ್ಲ ತೆಗೆದಿಡುತ್ತೇವೆ. ಆ ಹಲಗೆಗಳು ವರ್ಷ ಹೋದ ಹಾಗೆ ಕೊಳೆತು ಕುಂಬಾಗತೊಡಗಿದವು. ಅಂಥ ಮರ ಮತ್ತೆ ಸಿಗುವುದು ಕಷ್ಟವಾಯಿತು.

ಶೆಟ್ರು ಹಂಗಾರಕಟ್ಟೆಯ ದೋಣಿ ಕಟ್ಟುವ ಜಾಗಕ್ಕೆ ಹೋಗಿ ಕೂತರು. ‘ಫೈಬರ್ ದೋಣಿ ಸಮುದ್ರದೊಳ್ಗೆ ಬದ್ಕತ್ತ್. ನಮ್ಮ್ ಹೊಳಿಯೊಳ್ಗೆ ಸಾಯತ್ತಾ?’ ಎಂದು ಕೇಳಿ, ಊರವರನ್ನು ಒಪ್ಪಿಸಿ, ಅಲ್ಲೇ ಫೈಬರ್ ಹಲಗೆಗಳನ್ನು ಮಾಡಿಸಿದರು. ಇಬ್ಬರು ಹೊರುವ ಹಲಗೆಯ ಬದಲು ಒಬ್ಬನೇ ಹೊರುವಂಥದ್ದು ಬಂತು. ಎಲ್ಲರಿಗೂ ಖುಷಿ. ಹಳೆಯ ರೀತಿಯಲ್ಲೇ ಇಳಿಸಿ, ಮಣ್ಣು ತುಳಿದು ಮನೆಗೆ ಬಂದೆವು.

ಹುಣ್ಣಿಮೆಯ ಉಬ್ಬರಕ್ಕೆ ಅಂಚುಗಳಲ್ಲೆಲ್ಲ ನೀರು ನುಗ್ಗಿತು. ನಡುವಿನ ಮಣ್ಣು ಕರಗಿ ಹೋಯಿತು. ಹೊಳೆಗೆ ಹತ್ತಿರದ ಗದ್ದೆ ನನ್ನದು. ನೆಲಗಡಲೆಯ ಎಲೆಗಳು ಕೆಂಪಾಗಿ ಮುರುಟಿದವು. ಒಂದು ದಿನ ಬೆಳಿಗ್ಗೆ ಚಾ ಉಪ್ಪಾಯಿತು. ಮರದ ಹಲಗೆ ನೀರು ಕುಡಿದು ಉಬ್ಬುತ್ತದೆ, ಸಂದು ತಾನೇ ಮುಚ್ಚಿಕೊಳ್ಳುತ್ತದೆ. ಫೈಬರು ನೀರು ಕುಡಿಯುವುದಿಲ್ಲ. ಮರದ ಆ ಉಪಕಾರ ನಮಗೆ ಎಷ್ಟು ಅಭ್ಯಾಸವಾಗಿತ್ತೆಂದರೆ ಊರಿನಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ.

ಶೆಟ್ರು ನಮ್ಮ ಜಗಲಿಗೆ ಬಂದರು. ‘ಟೀಚರ್ರೆ, ನಿಮ್ಮ್ ಗದ್ದಿ ಸುಟ್ಟದ್ದ್ ನಾನೇ. ಬೈಯುದಿದ್ರೆ ಈಗ್ಳೇ ಬೈದ್ ಬಿಡಿ.’

ನಾನು ಬೈದೆ. ಚೆನ್ನಾಗಿಯೇ ಬೈದೆ. ಅವರು ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡರು. ನಾನು ಉಸಿರು ತೆಗೆದುಕೊಂಡಾಗ, ‘ಮುಗಿತಾ? ಹಾಂಗಾರೆ ನಿಮ್ಮ್ ಕುಕ್ಕರ್ ಒಂದ್ಸಲ ಕೊಡಿ ಕಾಂಬ’ ಎಂದರು.

‘ಅದ್ಕೂ ಕಾಲ್ ಹಚ್ತ್ರಿಯಾ?’

ಅವರು ನಗಲಿಲ್ಲ. ಮುಚ್ಚಳದ ರಬ್ಬರ್ ಉಂಗುರ ಬಿಚ್ಚಿ ಕೈಯಲ್ಲಿ ಹಿಡಿದರು. ‘ಹೋಟ್ಲೊಳ್ಗೆ ಇಷ್ಟ್ ವರ್ಷ ಇದನ್ನ್ ಕಂಡದ್ದ್ ನಾನ್! ಹಬಿ ದೂಡ್ದಾಂಗೆ ಇದ್ ಗಟ್ಟಿ ಕೂಕಂತ್ತ್. ಹಲಗಿ ಅಂಚಿಗೂ ರಬ್ಬರ್ ಹಾಕ್ರೆ, ನೀರ್ ದೂಡ್ದಾಂಗೆ ಅದೂ ಕೂಕಣ್ಕಲ್ದಾ?’

ನನ್ನ ಸಿಟ್ಟು ಇಳಿದಿರಲಿಲ್ಲ. ಆದರೂ ಆ ಉಂಗುರವನ್ನು ಅವರ ಕೈಯಿಂದ ತೆಗೆದುಕೊಂಡು ಒತ್ತಿ ಒತ್ತಿ ನೋಡಿದೆ.

ಮುಂದಿನ ವರ್ಷ ಹಲಗೆ ಹಾಕುವ ಮೊದಲು ಶಾಲೆಯಲ್ಲಿ ಊರವರ ಸಭೆಯಾಯಿತು. ಮರವೇ ಸಾಕು ಎಂದರು ಹಿರಿಯರೊಬ್ಬರು. ಶೆಟ್ರು ಎದ್ದು ನಿಂತರು. ‘ಅಡ್ಡಿಲ್ಲೆ. ಮರ ಎಲ್ಲಿತ್ತ್ ಹೇಳಿ, ನಾನೇ ಹೊತ್ಕಂಡ್ ಬತ್ತೆ. ನಂದ್ ತಪ್ಪಾಯ್ತ್. ಎಲ್ಲಿ ತಪ್ಪಿದ್ದ್ ಅಂದ್ಹೇಳಿ ಈಗ ಗೊತ್ತಿತ್ತ್. ಕುಂಬಾದ್ ಹಲಗಿ ಅದನ್ನೂ ಹೇಳುದಿಲ್ಲೆ, ಸೀದ ಮುರಿತ್ತ್.’

ಎಲ್ಲರೂ ನನ್ನ ಮುಖ ನೋಡಿದರು. ನಷ್ಟವಾದದ್ದು ನನಗೆ. ‘ಹಾಕ್ಲಿ’ ಎಂದೆ. ‘ಉಪ್ಪಾರೆ ಮೊದ್ಲ್ ನನ್ನ್ ಬಾವಿಯೇ.’

ಅಂಚಿಗೆ ರಬ್ಬರು ಕೂರಿಸಿದ ಫೈಬರ್ ಹಲಗೆಗಳನ್ನೇ ಇಳಿಸಿದೆವು. ಮೊದಲ ಹುಣ್ಣಿಮೆಗೆ ಶೆಟ್ರು ಚಾವನ್ನೂ ಕುಡಿಯದೆ ಬೆಳಿಗ್ಗೆಯಿಂದ ಅಣೆಕಟ್ಟಿನ ಮೇಲೆ ಕೂತಿದ್ದರು. ಉಬ್ಬರ ಏರತೊಡಗಿತು. ಒಂದೆರಡು ಕಡೆ ಜಿನುಗಿತು. ನೀರು ಇನ್ನಷ್ಟು ಏರಿ ಹಲಗೆಯನ್ನು ಒತ್ತಿದಾಗ ಆ ಜಿನುಗೂ ನಿಂತಿತು. ‘ಹ್ವಾಯ್, ಕಾಣಿ ಕಾಣಿ! ದೂಡುದ್ ಅದೇ, ಬಾಗ್ಲ್ ಹಾಕುದೂ ಅದೇ!’ ಎಂದು ಕೂಗಿದರು. ಮನೆಗೆ ಬಂದು ನಾನು ಸಮಾಧಾನದಿಂದ ಅತ್ತುಬಿಟ್ಟೆ. ನಾಳೆ ತಾನಾಗಿ ಬರುತ್ತದೆ ಎಂದು ನಂಬಿದ್ದವಳು ನಾನು. ಬರುತ್ತದೆ, ನಿಜ, ಆದರೆ ಅದರಲ್ಲಿ ಕುಡಿಯುವ ನೀರು ಇರಬೇಕಾದರೆ ಯಾರಾದರೂ ಹಠ ಹಿಡಿದು ಕೂರಬೇಕು.

ಕಳೆದ ವರ್ಷ ಹಲಗೆ ಇಳಿಸುವ ಕೆಲಸವನ್ನು ಊರಿನ ಹೆಂಗಸರ ಸಂಘ ವಹಿಸಿಕೊಂಡಿತು. ಉದ್ದದ ಹಲಗೆಗಳು ತಮ್ಮ ಕೈಗೆ ಒಗ್ಗುವುದಿಲ್ಲ ಎಂದು ಸಂಘದ ಸುಜಾತ ಅವನ್ನು ಅರ್ಧಕ್ಕೆ ಕೊಯ್ಯಿಸಿ, ನಡುವೆ ಹೊಸ ಜೋಡಣೆ ಮಾಡಿಸಿದಳು. ಶೆಟ್ರು ಆಗ ಹೃದಯದ ಕಾಯಿಲೆಯಿಂದ ಮಲಗಿದ್ದರು. ಬೇರೆಯವರ ಬಾಯಿಂದ ಕೇಳಿ ನೊಂದುಕೊಳ್ಳುವುದು ಬೇಡ ಎಂದು ನಾನೇ ಹೋಗಿ ಹೇಳಿದೆ.

‘ಕೊಯ್ಸಿದ್ಲಾ!’ ಎಂದು ಎದ್ದು ಕೂತರು. ‘ನೀರ್ ನಿಂತಿತಾ?’

‘ನಿಂತಿತ್.’

‘ಹಾಂಗಾರೆ ಕೊಯ್ಲಿ. ನಾನ್ ಮಾಡ್ದದ್ದ್ ಅಂದ್ಹೇಳಿ ಅದನ್ನ್ ದೇವ್ರ್ ಮಾಡಿ ಇಟ್ಕಂಬುಕಿಲ್ಲೆ.’ ಮರುಗಳಿಗೆಯಲ್ಲೇ, ‘ಜೋಡ್ಣಿ ಹೇಂಗ್ ಮಾಡ್ಸಿದ್ಲ್? ಅವ್ಳನ್ನೊಂದ್ಸಲ ಬಪ್ಪುಕೆ ಹೇಳಿ’ ಎಂದರು. ಸುಜಾತ ಹೋದಳು. ಊಟದ ಹೊತ್ತು ಮೀರಿದರೂ ಇಬ್ಬರೂ ಮಾತಾಡುತ್ತಲೇ ಇದ್ದರಂತೆ. ಅವರು ಹಾಸಿಗೆ ಬಿಟ್ಟು ಗದ್ದೆ ದಾಟಿ ಬಂದದ್ದನ್ನು ನಾನು ಮತ್ತೆ ನೋಡಲಿಲ್ಲ. ಆಸಾಡಿ ತಿಂಗಳ ಮಳೆಯಲ್ಲಿ ಹೋಗಿಬಿಟ್ಟರು.

ಈ ವರ್ಷವೂ ಹಲಗೆ ಹಾಕಿದೆವು. ಸುಜಾತ ಜೋಡಣೆಯಲ್ಲಿ ಮತ್ತೇನೋ ಬದಲಿಸಿದ್ದಾಳೆ. ಯಾರೂ ತಕರಾರು ತೆಗೆಯಲಿಲ್ಲ. ಹುಣ್ಣಿಮೆ ಕಳೆದ ಬೆಳಿಗ್ಗೆ ಬಾವಿಯಿಂದ ನೀರು ಸೇದಿ ಬೊಗಸೆಯಲ್ಲಿ ಕುಡಿದೆ. ಸಿಹಿ. ಆ ಸುದ್ದಿ ಹೇಳಲು ಗದ್ದೆಯ ಅಂಚಿನ ಮೇಲೆ ಅರ್ಧ ದಾರಿ ನಡೆದ ಮೇಲೆ, ಶೆಟ್ರು ಇಲ್ಲ ಎಂಬುದು ನೆನಪಾಯಿತು.