ಆಪರೇಷನ್ ಮಾಡಿದವರು

ನಮ್ಮ ಊರಿನಲ್ಲಿ ಮೊಟ್ಟಮೊದಲು ಹೃದಯದ ಆಪರೇಷನ್ ಮಾಡಿದವಳು ಸರ್ಜನ್ ಆಗಿದ್ದ ನನ್ನ ಸೋದರತ್ತೆ. ಮಾಂಸದಂಗಡಿಯಿಂದ ಕುರಿಯ ಹೃದಯ ತಂದು, ಅಡುಗೆಮನೆಯ ಕಟ್ಟೆಯ ಮೇಲೆ ಹೊಲಿದು ಹೊಲಿದು ಪಳಗಿದ ಕೈ ಅವಳದು. ಆದರೆ ಆಸ್ಪತ್ರೆಯ ದಾಖಲೆಯಲ್ಲಿ ಭೂತಗನ್ನಡಿ ಹಿಡಿದು ಹುಡುಕಿದರೂ ಅವಳ ಹೆಸರಿಲ್ಲ. ಯಾರೇ ಕತ್ತರಿ ಹಿಡಿಯಲಿ, 'ಆಪರೇಷನ್ ಮಾಡಿದವರು' ಎಂಬಲ್ಲಿ ಆಸ್ಪತ್ರೆಯ ಮುಖ್ಯಸ್ಥನ ಹೆಸರನ್ನೇ ಬರೆಯಬೇಕೆಂದು ಅವನದೇ ಕಟ್ಟಪ್ಪಣೆ. ಇಪ್ಪತ್ತು ವರ್ಷ ದುಡಿದವಳು ಇವಳು, ಮೆರೆದವನು ಅವನು!

ಕೊನೆಗೆ ಆ ಮಹಾಶಯನ ಹೃದಯವೇ ಕೈಕೊಟ್ಟಿತು. "ಬೇರೆ ಯಾರೂ ಬೇಡ, ಅವರನ್ನೇ ಕರೀರಿ" ಎಂದು ಅತ್ತೆಗೆ ಹೇಳಿಕಳಿಸಿದ. ಅತ್ತೆ ಐದು ಗಂಟೆ ನಿಂತು ಅವನನ್ನು ಉಳಿಸಿದಳು. ಗುಮಾಸ್ತ ಎಂದಿನಂತೆ ದಾಖಲೆ ಬರೆದ. ಗುಣವಾದ ಮೇಲೆ ಮುಖ್ಯಸ್ಥ ಅದನ್ನು ಓದಿಯೇ ಸಹಿ ಹಾಕಿದ. ಅದರ ಪ್ರಕಾರ, ಪ್ರಜ್ಞೆಯಿಲ್ಲದೆ ಮಲಗಿದ್ದ ಮನುಷ್ಯ ತನ್ನ ಎದೆಯನ್ನು ತಾನೇ ಸೀಳಿ ತಾನೇ ಹೊಲಿದುಕೊಂಡಿದ್ದಾನೆ!