ನೋಡಿದರೆ ಬೀಳುವ ವೆಬ್‌ಸೈಟ್

ಗೆಳೆಯರೇ, ಇವತ್ತು ನಡೆದದ್ದು ನನಗಿನ್ನೂ ಸರಿಯಾಗಿ ಅರ್ಥವಾಗಿಲ್ಲ.

ಮೂರ್ನಾಡಿನಲ್ಲಿ ನಾನು ಅಡುಗೆ ಮಾಡುವ ಹೋಂಸ್ಟೇಯ ವೆಬ್‌ಸೈಟ್ ಬೆಳಗ್ಗೆಯಿಂದ ಬಿದ್ದು ಬಿದ್ದು ಏಳುತ್ತಿತ್ತು. ತೆರೆದರೆ ಬರೀ ‘ಸರ್ವರ್ ಎರರ್’. ಮೈಸೂರಿನವರೊಬ್ಬರು ಎಲ್ಲಾ ಕೋಣೆಗಳನ್ನೂ ಬುಕ್ ಮಾಡಲು ಕಾಯುತ್ತಿದ್ದರು. “ಮಧ್ಯಾಹ್ನದೊಳಗೆ ಆಗದಿದ್ರೆ ಬೇರೆ ಕಡೆ ನೋಡ್ತೀವಿ” ಎಂದರು. ನಮ್ಮ ಒಡತಿ ಭಾಗ್ಯಕ್ಕನಿಗೆ ಮಳೆಗಾಲ ಕಳೆದ ಮೇಲೆ ಇದೇ ಮೊದಲ ಬುಕಿಂಗ್.

ಸೈಟ್ ಮಾಡಿಕೊಟ್ಟ ಅಶ್ವಿನ್ ಮಡಿಕೇರಿಯಿಂದ ಫೋನ್ ಮಾಡಿ, “ಸರಿ ಮಾಡಿದೆ ಅಕ್ಕ” ಎಂದ. ಭಾಗ್ಯಕ್ಕ ಕೂಡಲೇ ತಮ್ಮ ಐನ್‌ಮನೆಯವರ, ಅಂದರೆ ಇಡೀ ಮನೆತನದ ನೂರಾರು ಜನರ, ವಾಟ್ಸ್‌ಆಪ್ ಗುಂಪಿನಲ್ಲಿ, “ಎಲ್ಲರೂ ಒಮ್ಮೆ ತೆರೆದು ನೋಡಿ, ಬರ್ತದಾ ಹೇಳಿ” ಎಂದರು. ಸೈಟ್ ಮತ್ತೆ ಬಿತ್ತು. ಅವನು ಎಬ್ಬಿಸಿದ, ಇವರು ಗುಂಪಿನಲ್ಲಿ ಕೇಳಿದರು, ಪುನಃ ಬಿತ್ತು.

“ಒಂದೇ ಸಲ ಇಷ್ಟು ಜನ ನುಗ್ತಿದ್ದಾರಲ್ಲ ಅಕ್ಕ, ಯಾರಿವರು? ಚಿಕ್ಕ ಸರ್ವರ್ ಅದು, ತಡೆಯಲ್ಲ!”

“ನಮ್ಮವರೇ ಮಾರಾಯ! ಪಾಪ, ಸರಿ ಆಯ್ತಾ ಅಂತ ನೋಡ್ತಾ ಇದ್ದಾರೆ.”

“ದಮ್ಮಯ್ಯ, ಯಾರೂ ನೋಡ್ಬೇಡಿ ಅಂತ ಹೇಳಿ!”

ಹೇಳಿದರು. ಸೈಟ್ ಬೀಳದೆ ನಿಂತಿತು, ಬುಕಿಂಗೂ ಬಂತು.

ಜನ ನೋಡಲೆಂದೇ ಮಾಡಿದ ಸೈಟ್ ಜನ ನೋಡಿದರೆ ಯಾಕೆ ಬೀಳುತ್ತದೆ? ಕೇಳಲು ನಾಚಿಕೆಯಾಗಿ ಕಡುಬು ಬೇಯಿಸಲು ಹೋದೆ.

ಹೋಂಸ್ಟೇಯ ಹೆಸರು ಬರೆದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಬರೆದರೆ ನೀವೆಲ್ಲ ಒಮ್ಮೆ ತೆರೆದು ನೋಡುತ್ತೀರಿ.